ಜೂನ್ 2ಕ್ಕೆ ಇಲ್ಲೇ ಇರಿ: ನ್ಯೂಜೆರ್ಸಿಯ ಮಿಡ್ಲ್‌ಸೆಕ್ಸ್ ಕೌಂಟಿಯ ಕನ್ನಡಿಗರಿಗೂ ನಮ್ಮ ಪಕ್ಷದ ಗೆಳೆಯರಿಗೂ ಒಂದು ಬಹಿರಂಗ ಪತ್ರ

ಆತ್ಮೀಯರೇ,

ಹೋದ ತಿಂಗಳು ನಮ್ಮ ಟೌನ್‌ಶಿಪ್‌ನಲ್ಲಿ ಪಕ್ಷದ ಸಭೆ ಕರೆದಿದ್ದೆವು. ಲೈಬ್ರರಿಯ ಸಣ್ಣ ಕೋಣೆ, ಇಪ್ಪತ್ತು ಕುರ್ಚಿ. ಬಂದವರು ಆರು ಜನ. ಅವರಲ್ಲೊಬ್ಬರು ಕೋಣೆ ತಪ್ಪಿ ಬಂದವರು. ಅವರಿಗೆ ಬೇಕಿದ್ದ ಯೋಗ ತರಗತಿ ಪಕ್ಕದ ಕೋಣೆಯಲ್ಲಿತ್ತು. ಎದ್ದುಹೋದರೆ ಚೆನ್ನಾಗಿರುವುದಿಲ್ಲವೆಂದು ಹತ್ತು ನಿಮಿಷ ಕೂತು, ಆಮೇಲೆ ಮೆಲ್ಲಗೆ ಜಾರಿಕೊಂಡರು. ಉಳಿದ ಐವರ ಮುಂದೆ, ಕೌಂಟಿ ಕಮಿಷನರ್ ಸ್ಥಾನಕ್ಕೆ ಜೂನ್ 2ರ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ, ನಿಲ್ಲುತ್ತಿರುವ ನಮ್ಮ ಅಭ್ಯರ್ಥಿ ಮುಕ್ಕಾಲು ಗಂಟೆ ಮಾತಾಡಿದರು. ಐನೂರು ಜನ ಕೂತಿದ್ದರೆ ಹೇಗೆ ಮಾತಾಡುತ್ತಿದ್ದರೋ ಹಾಗೇ. ಕೊನೆಗೆ ಕುರ್ಚಿ ಮಡಚಿ ಗೋಡೆಗೆ ಒರಗಿಸಲು ಅವರೂ ಕೈಹಾಕಿದರು.

ಅವತ್ತು ನನಗೆ ನಾಚಿಕೆಯಾಯಿತು. ಹಿಂದಿನ ನವೆಂಬರಿನಲ್ಲಿ ರಾಜ್ಯೋತ್ಸವದ ಊಟಕ್ಕೆ ಸಾಲು ಬಾಗಿಲಾಚೆಗೂ ಬೆಳೆದಿದ್ದನ್ನು ನೋಡಿದ್ದೆ. ಅದೇ ಜನರಲ್ಲಿ ಇಪ್ಪತ್ತು ಮಂದಿ ಬಂದಿದ್ದರೂ ಆ ಕೋಣೆ ತುಂಬುತ್ತಿತ್ತು.

ಈ ಮಾತನ್ನು ಕನ್ನಡ ಕೂಟದ ವೇದಿಕೆಯಲ್ಲಿ ಆಡುವಂತಿಲ್ಲ, ಆಡಲೂಬಾರದು. ಕೂಟವಾಗಲಿ ದೇವಸ್ಥಾನವಾಗಲಿ ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳು. ಚುನಾವಣೆಯಲ್ಲಿ ಇಂಥವರ ಪರ ಎಂದು ನಿಲ್ಲುವುದಕ್ಕೆ ಕಾನೂನಿನ ಅಡ್ಡಿಯಿದೆ. ಅದಕ್ಕೇ ನನ್ನ ಸ್ವಂತ ಹೊಣೆಯಲ್ಲಿ ಈ ಪತ್ರ ಬರೆಯುತ್ತಿದ್ದೇನೆ. ಅಭ್ಯರ್ಥಿಯ ಹೆಸರು ನಿಮಗೆ ಗೊತ್ತೇ ಇದೆ. ಅವರ ಕರಪತ್ರವನ್ನು ನಮ್ಮ ವಾಟ್ಸಾಪ್ ಗುಂಪಿಗೆ ಮೂರು ಸಲ ಹಾಕಿದ್ದೇನೆ, ಮೂರು ಸಲವೂ ಅದು ಗುಡ್ ಮಾರ್ನಿಂಗ್ ಗುಲಾಬಿಗಳ ಅಡಿಯಲ್ಲಿ ಹೂತುಹೋಗಿದೆ.

ಮೊದಲು ಒಂದು ತಪ್ಪೊಪ್ಪಿಗೆ. ಈ ದೇಶಕ್ಕೆ ಬಂದು ಹನ್ನೆರಡು ವರ್ಷವಾಗುವವರೆಗೆ ಕೌಂಟಿ ಅಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಜಿಲ್ಲೆಯಂತೆ ಹಲವು ಊರುಗಳ ಮೇಲಿನ ಆಡಳಿತ ಅದು, ಆದರೆ ಅಂಚೆ ವಿಳಾಸಕ್ಕೂ ಬೇಡದ ಹೆಸರು. ಒಂದು ಚಳಿಗಾಲ ಮುಗಿದಾಗ ನಮ್ಮ ಬೀದಿ ಸೇರುವ ದೊಡ್ಡ ರಸ್ತೆಯಲ್ಲಿ ಗುಂಡಿ ಬಿದ್ದು ಕಾರಿನ ಟೈರು ಒಡೆಯಿತು. ಟೌನ್‌ಶಿಪ್ ಕಚೇರಿಗೆ ಮೂರು ಸಲ ಫೋನ್ ಮಾಡಿ, ಮೂರನೇ ಸಲ ದನಿ ಏರಿಸಿ ಮಾತಾಡಿದೆ. ಆ ಕಡೆಯ ಹೆಂಗಸು ತಾಳ್ಮೆಯಿಂದ, "ಸಾರ್, ಆ ರಸ್ತೆಯಲ್ಲಿ ನೀಲಿ ಬಣ್ಣದ ಐದು ಮೂಲೆಯ ಫಲಕ ಇದೆಯಲ್ಲ, ನೋಡಿದ್ದೀರಾ?" ಎಂದು ಕೇಳಿದರು. ದಿನಾ ನೋಡುತ್ತಿದ್ದೆ. ಹಳದಿ ಅಂಕಿಯ ಆ ನೀಲಿ ಫಲಕ ಇದ್ದರೆ ಅದು ಕೌಂಟಿಯ ರಸ್ತೆ. ಎಡಿಸನ್‌ನ ವುಡ್‌ಬ್ರಿಜ್ ಅವೆನ್ಯೂ 514, ಪಿಸ್ಕ್ಯಾಟವೇಯ ಸ್ಟೆಲ್ಟನ್ ರೋಡ್ 529, ನ್ಯೂ ಬ್ರನ್ಸ್‌ವಿಕ್‌ನ ಈಸ್ಟನ್ ಅವೆನ್ಯೂ 527. ನಾವು ದಿನಬೆಳಗಾದರೆ ಓಡಾಡುವ ರಸ್ತೆಗಳ ಯಜಮಾನ ಯಾರೆಂದು ತಿಳಿಯಲು ನನಗೆ ಒಂದು ಟೈರು ಖರ್ಚಾಯಿತು.

ನ್ಯೂಜೆರ್ಸಿಯಲ್ಲಿ 21 ಕೌಂಟಿಗಳಿವೆ, 564 ಊರಾಡಳಿತಗಳಿವೆ. ನಮ್ಮ ಮಿಡ್ಲ್‌ಸೆಕ್ಸ್ ಒಂದರಲ್ಲೇ 25. 2020ರ ಜನಗಣತಿಯಂತೆ ಇಲ್ಲಿ 8,63,162 ಜನ. ಇಷ್ಟು ಜನರ ಕೌಂಟಿ ಆಡಳಿತ ನಡೆಸುವುದು ಏಳು ಕಮಿಷನರುಗಳ ಒಂದು ಮಂಡಳಿ. ಮೂರು ವರ್ಷದ ಅವಧಿ. ಎಲ್ಲರದೂ ಒಂದೇ ಸಲ ಮುಗಿಯುವುದಿಲ್ಲ, ಸರದಿಯ ಮೇಲೆ ಬರುತ್ತದೆ. ವಾರ್ಡು, ಕ್ಷೇತ್ರ ಎಂಬ ಹಂಚಿಕೆ ಇಲ್ಲ. ಎಡಿಸನ್‌ನವರೂ ಪರ್ತ್ ಆಂಬಾಯ್‌ನವರೂ ಪ್ಲೇನ್ಸ್‌ಬರೋದವರೂ ಅದೇ ಹೆಸರುಗಳಿಗೆ ಮತ ಹಾಕುತ್ತೇವೆ. 2020ರ ಕೊನೆಯವರೆಗೂ ಇವರಿಗೆ 'ಫ್ರೀಹೋಲ್ಡರ್' ಎನ್ನುತ್ತಿದ್ದರು. ಸ್ವಂತ ಜಮೀನು ಇದ್ದವನು ಎಂದರ್ಥ. ಬ್ರಿಟಿಷರ ಕಾಲದ ಆ ಹೆಸರನ್ನು ಇಡೀ ದೇಶದಲ್ಲಿ ಕೊನೆಯವರೆಗೆ ಕಟ್ಟಿಕೊಂಡಿದ್ದದ್ದು ನಮ್ಮ ರಾಜ್ಯವೇ. 2021ರ ಜನವರಿ 1ರಿಂದ ಕಮಿಷನರ್ ಎಂದಾಯಿತು. ಹೆಸರು ಬದಲಾದದ್ದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಾಯಿತೋ ಕಾಣೆ.

ಮೂರು ತಿಂಗಳಿಗೊಮ್ಮೆ ಕಟ್ಟುವ ಆಸ್ತಿ ತೆರಿಗೆಯ ಬಿಲ್ ಒಮ್ಮೆ ತೆಗೆದು ನೋಡಿ. ರಾಜ್ಯದ ಸರಾಸರಿ ವರ್ಷಕ್ಕೆ 10,000 ಡಾಲರ್ ದಾಟಿದೆ, ದೇಶದಲ್ಲೇ ಹೆಚ್ಚು. ಅದರಲ್ಲಿ ಶಾಲೆಯ ಪಾಲು ದೊಡ್ಡದು. ಅದನ್ನು ನಾವು ಬಾಯಿಪಾಠ ಬಲ್ಲೆವು, ಏಕೆಂದರೆ ಮನೆ ಕೊಂಡದ್ದೇ ಶಾಲೆ ನೋಡಿ. ಟೌನ್‌ಶಿಪ್ ಪಾಲಿನ ಬಗ್ಗೆ ಗೊಣಗುತ್ತೇವೆ. ಮೂರನೆಯದು ಕೌಂಟಿಯ ಪಾಲು. ಅದನ್ನು ಯಾರು ನಿಗದಿ ಮಾಡುತ್ತಾರೆ, ಎಲ್ಲಿ ಕೂತು ಮಾಡುತ್ತಾರೆ ಎಂದು ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತೇವೆ. ನ್ಯೂ ಬ್ರನ್ಸ್‌ವಿಕ್‌ನ ಬೇಯಾರ್ಡ್ ಸ್ಟ್ರೀಟ್‌ನ ಆಡಳಿತ ಕಟ್ಟಡದಲ್ಲಿ, ಬಾಗಿಲು ತೆರೆದಿಟ್ಟುಕೊಂಡೇ ಮಾಡುತ್ತಾರೆ. ಒಳಗೆ ಹೋಗಿ ಕೂರುವವರು ಬೇಕು ಅಷ್ಟೇ. ರಸ್ತೆ, ಸೇತುವೆ, ಸೆರೆಮನೆ, ಎಡಿಸನ್‌ನ ಮಿಡ್ಲ್‌ಸೆಕ್ಸ್ ಕಾಲೇಜು, ನಮ್ಮ ಮಕ್ಕಳು ಪ್ರವೇಶ ಸಿಗಲೆಂದು ಹರಕೆ ಹೊರುವ ಕೌಂಟಿ ಮ್ಯಾಗ್ನೆಟ್ ಶಾಲೆಗಳು, ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುವ ರೂಸ್‌ವೆಲ್ಟ್ ಪಾರ್ಕು, ಜಾನ್ಸನ್ ಪಾರ್ಕು, ಹಿರಿಯರಿಗೆ ಓಡಾಡುವ ವ್ಯಾನು, ಮಧ್ಯಾಹ್ನದ ಊಟ... ಈ ಎಲ್ಲದರ ದುಡ್ಡಿನ ಚೀಲದ ಬಾಯಿ ಅಲ್ಲಿದೆ.

ಈ ಸಲ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅನ್ನುವುದಕ್ಕೆ ಬರುತ್ತೇನೆ. ಪಕ್ಷದ ಕೆಲಸ ಮಾಡಿದವರಿಗೆ 'ಲೈನ್' ಅಂದರೆ ವಿವರಿಸಬೇಕಿಲ್ಲ. ಉಳಿದವರಿಗಾಗಿ: ನ್ಯೂಜೆರ್ಸಿಯ 21 ಕೌಂಟಿಗಳಲ್ಲಿ 19ರಲ್ಲಿ ಪ್ರೈಮರಿಯ ಮತಪತ್ರವನ್ನು ಒಂದು ವಿಚಿತ್ರ ರೀತಿಯಲ್ಲಿ ಅಚ್ಚು ಮಾಡುತ್ತಿದ್ದರು. ಕೌಂಟಿಯ ಪಕ್ಷ ಯಾರನ್ನು ಮೆಚ್ಚಿತೋ ಅವರೆಲ್ಲ ಒಂದೇ ಸಾಲಿನಲ್ಲಿ. ಮೇಲೆ ಸೆನೆಟರ್ ಅಥವಾ ಗವರ್ನರ್ ಹುದ್ದೆಗೆ ನಿಂತವರ ದೊಡ್ಡ ಹೆಸರು, ಅದರ ಕೆಳಗೆ ಕೌಂಟಿಯವರು, ಅದರ ಕೆಳಗೆ ಊರಿನವರು. ಮೆಚ್ಚುಗೆ ಸಿಗದವರು ಎಲ್ಲೋ ಮೂಲೆಯ ಸಾಲಿನಲ್ಲಿ, ನಡುವೆ ಖಾಲಿ ಚೌಕಗಳು. ಆ ಮೂಲೆಯನ್ನು ಇಲ್ಲಿನವರು ಸೈಬೀರಿಯಾ ಎಂದೇ ಕರೆಯುತ್ತಿದ್ದರು. ಮತದಾರರ ಕಣ್ಣು ಮೇಲಿನಿಂದ ಕೆಳಕ್ಕೆ ಜಾರಿದಂತೆ ಮತವೂ ಜಾರುತ್ತಿತ್ತು. ಕೌಂಟಿ ಪಕ್ಷದ ಅಧ್ಯಕ್ಷರ ಕೃಪೆ ಸಿಕ್ಕರೆ ಮುಗಿಯಿತು. ಜೂನ್ ತಿಂಗಳ ಚುನಾವಣೆ ಶಾಸ್ತ್ರಕ್ಕೆ.

2024ರ ಫೆಬ್ರವರಿಯಲ್ಲಿ ಆಗ ಅಮೆರಿಕದ ಸಂಸತ್ತಿನ ಕೆಳಮನೆಯ ಸದಸ್ಯರಾಗಿದ್ದ, ಕೊರಿಯಾದಿಂದ ವಲಸೆ ಬಂದವರ ಮಗ ಆಂಡಿ ಕಿಮ್ ಇದರ ವಿರುದ್ಧ ಕೋರ್ಟಿಗೆ ಹೋದರು. ಮಾರ್ಚ್ 29ರಂದು ಫೆಡರಲ್ ನ್ಯಾಯಾಧೀಶ ಜಾಹಿದ್ ಖುರೇಷಿ ಆ ಜೂನ್‌ನ ಡೆಮಾಕ್ರಾಟಿಕ್ ಪ್ರೈಮರಿಗೆ ಲೈನ್ ಬಳಸಬಾರದೆಂದು ತಡೆ ಕೊಟ್ಟರು. ಕಿಮ್ ಸೆನೆಟ್‌ಗೆ ಗೆದ್ದರು. 2025ರಲ್ಲಿ ರಾಜ್ಯದ ಶಾಸನಸಭೆ ಕಾನೂನು ತಂದು ಎರಡೂ ಪಕ್ಷಗಳಿಗೆ ಲೈನ್ ಅಳಿಸಿಹಾಕಿತು. ಈಗ ಹುದ್ದೆಗೊಂದು ಚೌಕಟ್ಟು. ಕಮಿಷನರ್ ಹುದ್ದೆಗೆ ನಿಂತವರೆಲ್ಲ ಒಂದೇ ಚೌಕಟ್ಟಿನೊಳಗೆ, ಪಕ್ಕಪಕ್ಕ.

ಎಲ್ಲ ಸರಿಹೋಯಿತು ಎಂದು ಕೈ ಕೊಡವಿಕೊಳ್ಳುವಂತಿಲ್ಲ. ಮೊದಲು ಸಾಲು ಮಾಡುತ್ತಿದ್ದ ಕೆಲಸವನ್ನು ಈಗ ಕಾಲು ಮಾಡಬೇಕು. ಮತದಾರ ಚೌಕಟ್ಟಿನ ಮುಂದೆ ನಿಂತಾಗ ಒಂದಾದರೂ ಹೆಸರು ಪರಿಚಯದ್ದೆನಿಸಬೇಕು. ಆ ಪರಿಚಯ ಮನೆ ಬಾಗಿಲಲ್ಲಿ ಆಗಬೇಕು, ಇಲ್ಲವೇ ದುಡ್ಡು ಸುರಿದು ಅಂಚೆಯಲ್ಲಿ ಕಳಿಸುವ ನುಣುಪು ಕಾಗದದಿಂದ ಆಗಬೇಕು. ನಮ್ಮ ಅಭ್ಯರ್ಥಿಯ ಹತ್ತಿರ ಎರಡನೆಯದಕ್ಕೆ ದುಡ್ಡಿಲ್ಲ.

ಅವರ ಬಗ್ಗೆ ಎರಡು ಮಾತು. ವೃತ್ತಿಯಿಂದ ನರ್ಸ್; ನಿವೃತ್ತಿಯ ನಂತರ ವಾರಕ್ಕೆರಡು ದಿನ ಹಿರಿಯರ ಮನೆಗಳಿಗೆ ಊಟದ ಡಬ್ಬಿ ತಲುಪಿಸುತ್ತಾರೆ. ನಾನು ಅವರನ್ನು ಮೊದಲು ಕಂಡದ್ದು ಕಮಿಷನರುಗಳ ಸಭೆಯಲ್ಲಿ, ಸಾರ್ವಜನಿಕರ ಬೆಂಚಿನಲ್ಲಿ. ತೊಡೆಯ ಮೇಲೆ ಬಜೆಟ್ ಪುಸ್ತಕ, ಅಂಚಿನಲ್ಲಿ ಪೆನ್ಸಿಲ್ ಗುರುತು. ಮಾತಾಡಲು ಸಿಕ್ಕುವ ಕೆಲವೇ ನಿಮಿಷದಲ್ಲಿ ಪುಟ ಸಂಖ್ಯೆ ಹೇಳಿ, ಹೋದ ವರ್ಷ ಇಷ್ಟಿದ್ದದ್ದು ಈ ವರ್ಷ ಇಷ್ಟೇಕೆ ಎಂದು ಕೇಳಿ, ಥ್ಯಾಂಕ್ಸ್ ಹೇಳಿ ಕೂತರು. ಕೂಗಾಟ ಇಲ್ಲ. ಆಮೇಲೆ ಮೊಗಸಾಲೆಯಲ್ಲಿ ನನ್ನನ್ನು ಕೇಳಿದರು: "ನಾನು ಊಟ ಕೊಂಡುಹೋಗುವ ಮನೆಗಳಲ್ಲಿ ಒಬ್ಬ ಅಜ್ಜಿ ಡಬ್ಬಿ ತೆರೆದು ನೋಡಿ ಹಾಗೇ ಮುಚ್ಚಿಡುತ್ತಾರೆ. ಬ್ರೆಡ್ ಮಾತ್ರ ತಿನ್ನುತ್ತಾರೆ. ಅವರ ಮನೆಯ ಬಾಗಿಲಿಗೆ ಎಲೆಗಳ ಮಾಲೆ ಕಟ್ಟಿದೆ. ಏನು ಕೊಟ್ಟರೆ ತಿಂದಾರು?" ನಾನು ಮೊಸರನ್ನ ಎಂದೆ. ಸಣ್ಣ ನೋಟ್ ಪುಸ್ತಕ ತೆಗೆದು ಬರೆದುಕೊಂಡರು, ಕಾಗುಣಿತ ಕೇಳಿ.

ಅವರು ಕನ್ನಡದವರಲ್ಲ. ಭಾರತದವರೂ ಅಲ್ಲ. ಇಲ್ಲಿ ನಮ್ಮವರ ಮೊದಲ ತಕರಾರು ಬರುತ್ತದೆ: "ನಮ್ಮವರು ಯಾರಾದರೂ ನಿಂತಿದ್ದರೆ ಬರುತ್ತಿದ್ದೆ ಕಣ್ರೀ." ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. 2001ರಲ್ಲಿ ಉಪೇಂದ್ರ ಚಿವುಕುಲ ನಮ್ಮ ರಾಜ್ಯದ ಶಾಸನಸಭೆಗೆ ಆಯ್ಕೆಯಾದ ಮೊದಲ ಭಾರತೀಯರಾದಾಗ ನಾನೂ ಕುಣಿದಾಡಿದ್ದೆ; ಅವರು ಆಂಧ್ರದವರು, ಆದರೂ ನಮ್ಮವರೆನಿಸಿತ್ತು. ಆದರೆ ಅವರ ದಾರಿ ನೋಡಿ. ಮೊದಲು ಫ್ರಾಂಕ್ಲಿನ್ ಟೌನ್‌ಶಿಪ್ ಕೌನ್ಸಿಲ್, ಆಮೇಲೆ ಅಲ್ಲಿನ ಮೇಯರ್, ಆಮೇಲೆ ರಾಜ್ಯದ ರಾಜಧಾನಿ ಟ್ರೆಂಟನ್. ಕೆಳಗಿನ ಮೆಟ್ಟಿಲಲ್ಲಿ ಬೇರೆಯವರು ಅವರಿಗೆ ಹೆಗಲು ಕೊಟ್ಟಿದ್ದರು. ನಾವು ಯಾರ ಮನೆ ಕೆಲಸಕ್ಕೂ ಹೋಗದೆ ನಮ್ಮ ಮನೆ ಮದುವೆಗೆ ಊರೆಲ್ಲ ಬರಲಿ ಎಂದರೆ ಹೇಗೆ? ಅದೂ ಅಲ್ಲದೆ, ಮೊಸರನ್ನದ ಕಾಗುಣಿತ ಕೇಳಿದವರು ನಮ್ಮವರಲ್ಲದಿದ್ದರೆ ಇನ್ನಾರು?

ಎರಡನೆಯ ತಕರಾರು, "ನನಗೆ ಮತವೇ ಇಲ್ಲ." ಇದು ನಿಜವಾದ ನೋವು. ಒಂದು ದೇಶಕ್ಕೆ ಶೇ 7ರ ಮಿತಿ ಎಂಬ ನಿಯಮದಿಂದಾಗಿ ಗ್ರೀನ್ ಕಾರ್ಡಿನ ಸಾಲಿನಲ್ಲಿ ಹತ್ತು ಹದಿನೈದು ವರ್ಷ ನಿಂತವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ತೆರಿಗೆ ಕಟ್ಟುತ್ತಾರೆ, ಗುಂಡಿಯಲ್ಲಿ ಅವರ ಟೈರೂ ಒಡೆಯುತ್ತದೆ, ಮತ ಮಾತ್ರ ಇಲ್ಲ. ಅವರಿಗೆ ಸ್ಪಷ್ಟವಾಗಿ ಹೇಳುತ್ತೇನೆ: ಪೌರತ್ವ ಸಿಗುವ ಮುಂಚೆ ಮತದಾರರ ಪಟ್ಟಿಗೆ ಹೆಸರು ಹಚ್ಚಲೇಬೇಡಿ. ಡಿಎಂವಿಯಲ್ಲಿ, ಅಂದರೆ ಡ್ರೈವಿಂಗ್ ಲೈಸೆನ್ಸ್ ಕೊಡುವ ಕಚೇರಿಯಲ್ಲಿ, ಯಾರೋ ಫಾರಂ ಕೊಟ್ಟರೆಂದು ಸಹಿ ಹಾಕಿ ಆಮೇಲೆ ವಲಸೆ ಕಚೇರಿಯಲ್ಲಿ ಉತ್ತರ ಹೇಳುವ ಪಾಡು ಬೇಡ. ಹೆಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಇರುವವರು ಚುನಾವಣೆಗೆ ದುಡ್ಡು ಕೊಡುವಂತಿಲ್ಲ, ಒಂದು ಡಾಲರ್ ಕೂಡ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು. ಆದರೆ ಸಂಬಳವಿಲ್ಲದೆ ಸ್ವಯಂಸೇವೆ ಮಾಡುವುದಕ್ಕೆ ಇಬ್ಬರಿಗೂ ಅಡ್ಡಿಯಿಲ್ಲ. ಮತ ಇಲ್ಲದ ಒಬ್ಬ ಹುಡುಗ, ನಮ್ಮ ತುಮಕೂರಿನ ಕಡೆಯವನು, ಹಿಂದಿನ ಸಲ ನನ್ನೊಡನೆ ಮೂರು ಶನಿವಾರ ಬಾಗಿಲು ತಟ್ಟಿದ. ಮತ ಇರುವ ನಾವು ಆಗ ಎಲ್ಲಿದ್ದೆವು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಕಾಸ್ಟ್‌ಕೋ ಅಂಗಡಿಯಲ್ಲಿ ಇದ್ದೆವು ಅನಿಸುತ್ತದೆ.

ಇನ್ನು ಮನೆಯಲ್ಲಿರುವ ಹಿರಿಯರು. ಐವತ್ತೈದು ದಾಟಿ, ಗ್ರೀನ್ ಕಾರ್ಡ್ ಪಡೆದು ಹದಿನೈದು ವರ್ಷ ಕಳೆದವರು ಪೌರತ್ವದ ಪರೀಕ್ಷೆಯನ್ನು ತಮ್ಮ ಭಾಷೆಯಲ್ಲೇ ಕೊಡಬಹುದು. ನಮ್ಮತ್ತೆ ಹಾಗೆಯೇ, ದುಭಾಷಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಸುಪ್ರೀಂ ಕೋರ್ಟಿನಲ್ಲಿ ಎಷ್ಟು ನ್ಯಾಯಾಧೀಶರು ಎಂಬುದಕ್ಕೆ ಕನ್ನಡದಲ್ಲಿ "ಒಂಬತ್ತು" ಎಂದು ಹೇಳಿ ಅಮೆರಿಕದ ಪ್ರಜೆಯಾದರು. ಮತ ಮಾತ್ರ ಒಮ್ಮೆಯೂ ಹಾಕಿರಲಿಲ್ಲ, ಮತಪತ್ರ ಓದಲಾಗುವುದಿಲ್ಲವಲ್ಲ ಎಂದು. ಮತಪತ್ರ ಕನ್ನಡದಲ್ಲಿ ಬರುವುದಿಲ್ಲ, ನಿಜ. ಆದರೆ ಓದಲು ಕಷ್ಟವಾದವರು ತಮಗೆ ಬೇಕಾದವರನ್ನು ನೆರವಿಗೆ ಒಳಗೆ ಕರೆದುಕೊಂಡು ಹೋಗಲು ಫೆಡರಲ್ ಕಾನೂನೇ ಹಕ್ಕು ಕೊಟ್ಟಿದೆ. ಕೆಲಸ ಕೊಟ್ಟ ಯಜಮಾನ, ಕಾರ್ಮಿಕ ಸಂಘದ ಮುಖಂಡ ಇಂಥವರನ್ನು ಬಿಟ್ಟು ಯಾರಾದರೂ ಸರಿ. ಮಗಳು, ಸೊಸೆ, ಮೊಮ್ಮಗ. ಓದಿ ಹೇಳಿ, ಯಾರಿಗೆ ಹಾಕಬೇಕೆಂದು ಹೇಳಬೇಡಿ. ಹೇಳಿದರೂ ನಮ್ಮತ್ತೆ ಕೇಳುವವರಲ್ಲ.

ಊರಿನ ಸುದ್ದಿ ನಮಗೆ ಬೆರಳ ತುದಿಯಲ್ಲಿರುತ್ತದೆ. ಯಾವ ಶಾಸಕ ಯಾವ ರೆಸಾರ್ಟಿನಲ್ಲಿದ್ದಾನೆ ಎಂದು ನ್ಯೂಜೆರ್ಸಿಯ ಅಡುಗೆಮನೆಯಲ್ಲಿ ನಿಂತು ಹೇಳಬಲ್ಲೆವು. ಹಾಗಾದರೆ ಇದನ್ನೂ ನೆನಪಿಸಿಕೊಳ್ಳಿ. ಜಿಲ್ಲೆಯ ಆಡಳಿತ ಜನ ಆರಿಸಿದವರ ಕೈಯಲ್ಲಿರಬೇಕು ಎಂದು ದೇಶಕ್ಕೇ ಮಾದರಿ ತೋರಿಸಿದ್ದು ಕರ್ನಾಟಕ. 1983ರ ಕಾಯ್ದೆ, 1987ರ ಚುನಾವಣೆ, ರಾಮಕೃಷ್ಣ ಹೆಗಡೆಯವರ ಸರಕಾರ, ಅದರ ಹಿಂದೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್. ನನ್ನ ದೊಡ್ಡಪ್ಪ ಅವತ್ತು ಎತ್ತಿನ ಗಾಡಿಯಲ್ಲಿ ಕೂತು ಜಿಲ್ಲಾ ಪರಿಷತ್ತಿಗೆ ಮತ ಹಾಕಿ ಬಂದಿದ್ದರು. ಅದೇ ರಾಜ್ಯದಲ್ಲಿ ಜಿಲ್ಲಾ ಪಂಚಾಯಿತಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ನಡೆಸಿಕೊಂಡು ಹೋದರು. ಅದಕ್ಕೆ ನಾವು ಇಲ್ಲಿಂದ ಬೈಯುತ್ತೇವೆ, ಸರಿಯೇ. ಇಲ್ಲಿ ಕೌಂಟಿಗೆ ಚುನಾವಣೆ ತಪ್ಪದೆ ಬರುತ್ತದೆ, ನಾವು ತಪ್ಪಿಸಿಕೊಳ್ಳುತ್ತೇವೆ.

ಈಗ ಪಕ್ಷದ ನನ್ನ ಸಹಸದಸ್ಯರಿಗೆ ನಾಲ್ಕು ಮಾತು, ಸ್ವಲ್ಪ ಖಾರವಾಗಿಯೇ. ಪ್ರತಿ ಮತಗಟ್ಟೆಗೆ ಪಕ್ಷದ ಕೌಂಟಿ ಕಮಿಟಿಯಲ್ಲಿ ಎರಡು ಸ್ಥಾನ. ನಾನು ಅದಕ್ಕೆ ಆಯ್ಕೆಯಾದದ್ದು ಹೆಸರು ಅಚ್ಚಾಗದೆ, ಕೈಬರಹದ ಹದಿಮೂರು ಮತದಲ್ಲಿ. ಅದರಲ್ಲಿ ನಾಲ್ಕು ನಮ್ಮ ಮನೆಯವು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಬಾಗಿಲು ಎಷ್ಟು ಸಡಿಲವಾಗಿದೆ ನೋಡಿ ಎಂದು ಹೇಳುತ್ತಿದ್ದೇನೆ. ಸ್ಥಾನ ಸಿಕ್ಕಮೇಲೆ ನಾವು ಮಾಡಿದ್ದೇನು? ದೀಪಾವಳಿಗೆ ಬಂದ ದೊಡ್ಡವರ ಪಕ್ಕ ನಿಂತು ಫೋಟೊ. ಅವರಿಗೆ ಶಾಲು, ನಮಗೆ ಫೇಸ್‌ಬುಕ್. ಆ ಫೋಟೊದಿಂದ ಒಂದು ಮತವೂ ಹುಟ್ಟುವುದಿಲ್ಲ. ಕಮಿಟಿಯ ಸದಸ್ಯನಿಗೆ ತನ್ನ ಮತಗಟ್ಟೆಯ ಮತದಾರರ ಪಟ್ಟಿ ಕೈಯಲ್ಲಿರಬೇಕು, ಪಟ್ಟಿಯ ಮನೆಗಳ ನಾಯಿ ಯಾವುದು ಬೊಗಳುತ್ತದೆ ಯಾವುದು ಕಚ್ಚುತ್ತದೆ ಎಂಬುದೂ ಗೊತ್ತಿರಬೇಕು. ನೀವು ಈ ಅಭ್ಯರ್ಥಿಗೆ ಬೆಂಬಲ ಘೋಷಿಸಿ ಎಂದು ಕೇಳುತ್ತಿದ್ದೇನೆ. ಘೋಷಿಸಿದ ಮರುದಿನ ಚಪ್ಪಲಿ ಮೆಟ್ಟಿ ಹೊರಡಿ ಎಂದೂ ಕೇಳುತ್ತಿದ್ದೇನೆ. ಗೆಲ್ಲುವವರು ಯಾರೆಂದು ಗೊತ್ತಾಗಲಿ, ಆಮೇಲೆ ನೋಡೋಣ ಎನ್ನುವವರಿಗೆ ಲೈನ್ ಇದ್ದಾಗ ಲಾಭವಿತ್ತು. ಈಗ ಗೆಲ್ಲುವವರು ಯಾರೆಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ.

ತಾರೀಖುಗಳು. ಪ್ರೈಮರಿ 2026ರ ಜೂನ್ 2, ಮಂಗಳವಾರ. ಬೆಳಿಗ್ಗೆ 6ರಿಂದ ರಾತ್ರಿ 8. ಬೇರೆ ಪಕ್ಷದಲ್ಲಿ ಹೆಸರಿದ್ದು ನಮ್ಮ ಕಡೆ ಬರುವವರು ಏಪ್ರಿಲ್ 8ರೊಳಗೆ ಬದಲಿಸಬೇಕು. ಯಾವ ಪಕ್ಷವೂ ಇಲ್ಲ ಎಂದಿರುವವರಿಗೆ ಆ ಗಡುವಿಲ್ಲ, ಮತಗಟ್ಟೆಯಲ್ಲೇ ಪಕ್ಷ ಹೇಳಿ ಮತ ಹಾಕಬಹುದು. ನಮ್ಮವರಲ್ಲಿ ಹೆಚ್ಚಿನವರು ಈ ಗುಂಪಿನವರೇ, ಪ್ರೈಮರಿ ತಮಗಲ್ಲ ಎಂದು ತಿಳಿದು ಮನೆಯಲ್ಲಿ ಕೂರುತ್ತಾರೆ. ಹೊಸದಾಗಿ ಹೆಸರು ಸೇರಿಸಲು ಮೇ 12 ಕೊನೆ. ಆ ಹೊತ್ತಿಗೆ ಊರಿಗೆ ಟಿಕೆಟ್ ಮಾಡಿಸಿದವರು ಅಂಚೆ ಮತಪತ್ರ ತರಿಸಿಕೊಳ್ಳಿ, ಕಾರಣ ಕೊಡಬೇಕಿಲ್ಲ. ಒಂದು ಎಚ್ಚರಿಕೆ: ಹಿಂದೆಂದೋ ಅಂಚೆ ಮತಕ್ಕೆ ಬರೆದುಕೊಟ್ಟು ಮರೆತವರಿಗೆ ಈಗಲೂ ಲಕೋಟೆ ಬರುತ್ತಿರಬಹುದು. ಅದನ್ನು ಜಾಹೀರಾತೆಂದು ಕಸಕ್ಕೆ ಹಾಕಿ ಮತಗಟ್ಟೆಗೆ ಹೋದರೆ ಯಂತ್ರದಲ್ಲಿ ಮತ ಹಾಕಲು ಬಿಡುವುದಿಲ್ಲ, ತಾತ್ಕಾಲಿಕ ಮತಪತ್ರ ತುಂಬಿಸುತ್ತಾರೆ. ಲಕೋಟೆ ಬಂದರೆ ತೆರೆದು ನೋಡಿ.

ಯುಗಾದಿ ಕಳೆದ ಮೇಲಿನ ಎರಡನೇ ಶನಿವಾರದಿಂದ ಶುರು ಮಾಡುತ್ತೇವೆ. ಬೆಳಿಗ್ಗೆ ಹತ್ತಕ್ಕೆ ನಮ್ಮ ಗ್ಯಾರೇಜಿನ ಮುಂದೆ ಸೇರುವುದು. ವಿಳಾಸ ಗೊತ್ತಿಲ್ಲದವರು ಲೈಬ್ರರಿಯ ತಿಂಗಳ ಸಭೆಗೆ ಬಂದರೆ ನಾನೇ ಬರೆದುಕೊಡುತ್ತೇನೆ, ಹೇಗೂ ಹದಿನಾಲ್ಕು ಕುರ್ಚಿ ಖಾಲಿಯಿವೆ. ಇಬ್ಬಿಬ್ಬರ ಜೋಡಿ, ಒಂದು ಜೋಡಿಗೆ ನಲವತ್ತು ಮನೆ, ಎರಡು ಗಂಟೆಯ ಕೆಲಸ. ಇಂಗ್ಲಿಷ್ ಮಾತಾಡಲು ಹಿಂಜರಿಯುವವರಿಗೆ ನಮ್ಮವರ ಮನೆಗಳ ಬೀದಿ ಕೊಡುತ್ತೇನೆ. ಫ್ಲಾಸ್ಕಿನಲ್ಲಿ ಕಾಫಿ ಇರುತ್ತದೆ, ನಮ್ಮತ್ತೆ ಉಪ್ಪಿಟ್ಟು ಮಾಡುತ್ತೇನೆಂದು ಒಪ್ಪಿದ್ದಾರೆ. ಅಭ್ಯರ್ಥಿಯೂ ಬರುತ್ತಾರೆ, ಅವರಿಗೆ ಮೊಸರನ್ನ ಬೇಕಂತೆ. ಗಟ್ಟಿ ಶೂ ಹಾಕಿಕೊಂಡು ಬನ್ನಿ.

ಇತಿ,
ನಿಮ್ಮವನೇ ಆದ ಒಬ್ಬ ಕೌಂಟಿ ಕಮಿಟಿ ಸದಸ್ಯ
(ಹದಿಮೂರು ಮತದವನು)